ಕಾಕಾನ ಜೀಪ್ ಟ್ರೇಲರಿಗೆ ಬಟ್ಟೆಯ ಮನೆ

ಹಳೆಯ ಟ್ರೇಲರನ್ನು ಕ್ಯಾಂಪಿಂಗ್‌ಗೆ ಸಜ್ಜು ಮಾಡುವವರ ವಿಡಿಯೋಗಳನ್ನು ನಾನು ಬಹಳ ನೋಡಿದ್ದೇನೆ. ಅಮೆರಿಕದವರಾಗಲಿ ಇಂಗ್ಲೆಂಡಿನವರಾಗಲಿ ಮೊದಲು ಮಾಡುವ ಕೆಲಸ ಗಾಡಿಯನ್ನು ಸುತ್ತಲೂ ಮುಚ್ಚುವುದು. ಪ್ಲೈವುಡ್ ಗೋಡೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ನಡುವೆ ಥರ್ಮೊಕೋಲ್, ಚಿಕ್ಕದೊಂದು ಕಿಟಕಿ. ಅವರಿಗೆ ಚಳಿ ಒಳಗೆ ಬರಬಾರದು. ನಮ್ಮ ಕಲಬುರಗಿ ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರು. ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲಿಗೆ ನಿಂತ ತಗಡಿನ ಮೇಲೆ ಕೈ ಇಡಲು ಆಗುವುದಿಲ್ಲ. ಹಗಲೆಲ್ಲ ಕಾದ ಡಬ್ಬಿ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತದೆ. ಅದಕ್ಕೇ ನಮ್ಮ ಮಂದಿ ಬ್ಯಾಸಗಿಯಲ್ಲಿ ಹೊರಸು ಎತ್ತಿಕೊಂಡು ಮಾಳಿಗೆ ಹತ್ತುವುದು, ಅಂಗಳಕ್ಕೆ ಬರುವುದು. ಹಾಗಾಗಿ ಕಾಕಾನ ಹೊಲದಲ್ಲಿ ಬಿದ್ದಿದ್ದ ಜೀಪ್ ಟ್ರೇಲರನ್ನು ರಿಪೇರಿಗೆ ಎತ್ತಿಕೊಂಡಾಗ ನಾನು ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಂಡೆ: ಇದರ ಮೇಲೆ ಏಳುವುದು ಬಟ್ಟೆಯ ಮನೆ, ತಗಡಿನದಲ್ಲ.

ನಮ್ಮದು ತಾಡಪತ್ರಿ ಅಂಗಡಿ, ನೆಹರು ಗಂಜಿನ ಹತ್ತಿರ. ಅಪ್ಪ ಶುರು ಮಾಡಿದ್ದು. ಈಗ ಮಷೀನಿನ ಮುಂದೆ ಕೂರುವವಳು ನಾನು. ತೊಗರಿ ಸೀಜನ್ ಬಂತೆಂದರೆ ಲಾರಿಯವರ ಹರಿದ ತಾಡಪತ್ರಿಗಳು ಅಂಗಡಿ ತುಂಬ. ಉಳಿದ ತಿಂಗಳು ಜೀಪಿನ ಹುಡ್, ಆಟೋ ಹುಡ್, ಅಂಗಡಿಗಳ ಮುಂದಿನ ನೆರಳು, ಎಮ್ಮೆ ಕೊಟ್ಟಿಗೆಯ ಪರದೆ. ಬಟ್ಟೆ ಎಲ್ಲಿ ಹರಿಯುತ್ತದೆ, ಯಾಕೆ ಹರಿಯುತ್ತದೆ ಅನ್ನುವುದು ನನಗೆ ಕೈಯಿಂದಲೇ ತಿಳಿಯುತ್ತದೆ. ಕಬ್ಬಿಣದ ಕೆಲಸ ಅಷ್ಟು ತಿಳಿಯದು. ಅದಕ್ಕೆ ನಮ್ಮ ಓಣಿಯ ವೆಲ್ಡಿಂಗ್ ಚಾಚಾ ಇದ್ದಾರೆ.

ಟ್ರೇಲರಿನ ಬಗ್ಗೆ ಹೇಳುತ್ತೇನೆ. ಕಾಕಾ ಸರ್ಕಾರಿ ಹರಾಜೊಂದರಲ್ಲಿ ಜೀಪಿನ ಸಂಗಡ ಇದನ್ನೂ ಹಿಡಿದಿದ್ದರು. ಜೀಪು ಎಂದೋ ಮಾರಿ ಹೋಯಿತು. ಟ್ರೇಲರು ಮಾತ್ರ ಸೇಡಂ ತಾಲ್ಲೂಕಿನ ಹೊಲದಲ್ಲಿ, ಬೇವಿನ ಮರದ ಕೆಳಗೆ, ತೊಗರಿ ಕಟಗಿ ತುಂಬಿಕೊಂಡು ಉಳಿದಿತ್ತು. ತೊಟ್ಟಿಯ ಉದ್ದ ಆರು ಅಡಿ, ಅಗಲ ಮೂರು ಅಡಿಗೆ ಸ್ವಲ್ಪ ಹೆಚ್ಚು, ಆಳ ಒಂದೂವರೆ ಅಡಿ. ಎರಡೇ ಗಾಲಿ, ಜೀಪಿಗೆ ಹಾಕುವ 16 ಇಂಚಿನವೇ. ಈ ನಕ್ಷೆ ಎರಡನೇ ಮಹಾಯುದ್ಧದ ಕಾಲದ್ದು. ಅಮೆರಿಕದ ಸೈನ್ಯಕ್ಕೆ ಬ್ಯಾಂಟಮ್ ಕಂಪನಿ ಜೀಪಿನ ಹಿಂದೆ ಎಳೆಯಲು ಮಾಡಿಕೊಟ್ಟ ಕಾಲು ಟನ್ ಟ್ರೇಲರಿನ ವಂಶ ಇದು. ಅವರ ಲೆಕ್ಕದ ಕಾಲು ಟನ್ ಅಂದರೆ 500 ಪೌಂಡ್, ಸುಮಾರು 227 ಕಿಲೋ. ಹೊಳೆ ದಾಟುವಾಗ ತೊಟ್ಟಿ ನೀರಿನ ಮೇಲೆ ತೇಲಬೇಕೆಂದು ಅದನ್ನು ಸಂದಿಲ್ಲದಂತೆ ಮಾಡಿ, ಒಳಗೆ ಸೇರಿದ ನೀರು ಬಿಡಲು ತಳದಲ್ಲಿ ಬಿರಡೆ ಇಟ್ಟಿದ್ದರು. ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮೇಲೆ ನಮ್ಮ ದೇಶದ ಇಲಾಖೆಗಳಲ್ಲೂ ಇಂಥ ಪುಟ್ಟ ಟ್ರೇಲರುಗಳು ಓಡಾಡಿದವು. ಕಾಕಾನದರ ತಳದಲ್ಲೂ ಬಿರಡೆಯ ತೂತು ಇದೆ. ಎಷ್ಟೋ ಮಳೆಗಾಲ ಬಯಲಲ್ಲಿ ನಿಂತರೂ ತಳ ಪೂರ್ತಿ ತಿಂದು ಹೋಗದೆ ಉಳಿದದ್ದು ಆ ತೂತಿನಿಂದಲೇ ಅಂತ ನನ್ನ ನಂಬಿಕೆ.

ತರುವ ಮೊದಲು ಚಾಚಾರನ್ನು ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ನಾನು ಮೇಲಿನ ತಗಡು ತಟ್ಟಿ ತಟ್ಟಿ ನೋಡುತ್ತಿದ್ದೆ. ಅವರು ಸೀದಾ ನೆಲದ ಮೇಲೆ ಅಂಗಾತ ಮಲಗಿ ಕೆಳಗೆ ತೂರಿದರು.

"ಬೇಟಿ, ಮ್ಯಾಲಿಂದು ಬಿಡು. ತಗಡು ಎಲ್ಲಿ ಬೇಕಾದ್ರೂ ಸಿಗ್ತದ. ಕೆಳಗ ಚಾಸಿ ನೋಡು, ಆಕ್ಸಲ್ ನೋಡು."

"ಹ್ಯಾಂಗ ಅದ ಚಾಚಾ?"

"ಜಂಗು ಹತ್ಯಾದ, ಖರೇ. ಆದ್ರ ತಿಂದಿಲ್ಲ. ಆಕ್ಸಲ್ ಸೀದಾ ಅದ. ಪಟ್ಟಾ ಎರಡೂ ಬದಲಿ ಮಾಡಮ್. ಇದು ನಡೀತದ."

ಅವರು ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮೊಳಕ್ಕೊಂದು ಕಡೆ ಬಡಿಯುತ್ತಾ ಹೋದರು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ತಿಂದದ್ದು ಮಂಕಾಗಿ ಡಬ್ ಅನ್ನುತ್ತದೆ. ಪಟ್ಟಾದ, ಅಂದರೆ ಆಕ್ಸಲಿನ ಸ್ಪ್ರಿಂಗ್ ಪಟ್ಟಿಯ, ಬ್ರಾಕೆಟ್ ಬೆಸುಗೆ ಹಾಕಿದ ಜಾಗ, ಎಳೆಯುವ ಗಾಡಿಗೆ ಸಿಕ್ಕಿಸುವ ಮುಂದಿನ ಮೂಗಿನ ಕಂಬಿ ಚಾಸಿಗೆ ಸೇರುವ ಮೂಲೆ, ಈ ಎರಡು ಕಡೆ ಮಣ್ಣು ಮೆತ್ತಿಕೊಂಡು ತೇವ ಹಿಡಿಯುತ್ತದೆ. ಹಳೆಯ ಟ್ರೇಲರ್ ಕೊಳ್ಳುವವರು ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಚುಚ್ಚಿದರೆ ಒಳಗೆ ಹೋಯಿತೋ, ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದು ಸಣ್ಣ ವಿಷಯವಲ್ಲ. ಟ್ರೇಲರಿಗೆ ತನ್ನದೇ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಂ ಪ್ರಕಾರ ಟ್ರೇಲರಿನ ನಂಬರು ಅದರ ಪಕ್ಕದಲ್ಲಿ ಇರಬೇಕು, ಎಳೆಯುವ ಗಾಡಿಯ ನಂಬರೂ ಹಿಂದೆ ಕಾಣಬೇಕು. ಕಾಕಾನ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಸಿಗದೆ ಹೋಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ತೊಟ್ಟಿಯ ಅಳತೆ, ಚಾಸಿ, ಆಕ್ಸಲ್ ಯಾವುದನ್ನೂ ಬದಲಿಸದೆ, ಮೇಲಿನ ಗೂಡನ್ನು ಬೋಲ್ಟು ಬಿಚ್ಚಿ ತೆಗೆಯುವ ಹಾಗೆ ಇಟ್ಟದ್ದಕ್ಕೆ ಇದೂ ಒಂದು ಕಾರಣ. ಅದೇ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ.

ಕಬ್ಬಿಣದ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹಬ್, ಅಂದರೆ ಗಾಲಿಯ ನಡುವಿನ ಗುಂಬ. ಗಾಲಿ ಬಿಚ್ಚಿ, ಒಳಗಿನ ಟೇಪರ್ ಬೇರಿಂಗ್ ತೆಗೆದು, ಕಲ್ಲಿನಂತಾಗಿದ್ದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ರೋಲರುಗಳ ಮೇಲೆ ಚುಕ್ಕೆ ಬಿದ್ದಿತ್ತು, ಹೊಸ ಬೇರಿಂಗ್, ಹೊಸ ಸೀಲ್ ಹಾಕಿದೆವು. ನಟ್ಟು ಬಿಗಿ ಮಾಡಿ, ಗಾಲಿ ತಿರುಗಿಸಿ, ಮತ್ತೆ ಚೂರು ಹಿಂದಕ್ಕೆ ಸಡಿಲಿಸಬೇಕು. ತೀರಾ ಬಿಗಿ ಇದ್ದರೆ ಬೇರಿಂಗ್ ಸುಡುತ್ತದೆ, ಸಡಿಲ ಇದ್ದರೆ ಗಾಲಿ ತೊನೆಯುತ್ತದೆ. ಈಗಲೂ ದಾರಿಯಲ್ಲಿ ಚಹಾಕ್ಕೆ ನಿಂತಾಗ ಮೊದಲು ಎರಡೂ ಹಬ್ ಹತ್ತಿರ ಕೈ ಹಿಡಿದು ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಕೈ ಸುಡುವಷ್ಟು ಇದ್ದರೆ ಅಲ್ಲೇ ನಿಲ್ಲಬೇಕು.

ಮುಂದೆ ಸೈನ್ಯದ ಮಾದರಿಯ ದಪ್ಪ ಕಬ್ಬಿಣದ ರಿಂಗ್ ಇತ್ತು. ಅದು ಕೊಕ್ಕೆಯಲ್ಲಿ ಸಿಕ್ಕಿಸುವ ಜಾತಿ, ಗುಂಡಿಗೊಮ್ಮೆ ಬಡಿಯುತ್ತದೆ. ಅದನ್ನು ಬಿಚ್ಚಿ 50 ಮಿಲಿಮೀಟರ್ ಗುಂಡಿನ ಮೇಲೆ ಕೂರುವ ಕಪ್ಲರ್ ಹಾಕಿಸಿದೆ. ಕೆಳಗೆ ಎರಡು ಸರಪಳಿ, ಒಂದಕ್ಕೊಂದು ಅಡ್ಡ ಹಾಯುವಂತೆ. ಕಪ್ಲರ್ ಕಳಚಿದರೂ ಮೂಗು ನೆಲಕ್ಕೆ ಕುಟ್ಟದೆ ಆ ಸರಪಳಿಯ ಮೇಲೆ ಕೂರಬೇಕು. ಸಾಮಾನು ತುಂಬುವಾಗ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಾದರೂ ಮೂಗಿನ ಮೇಲೆ ಇರಬೇಕು. ಹಿಂದೆ ಭಾರ ಆದರೆ ಟ್ರೇಲರು ವೇಗದಲ್ಲಿ ಬಾಲ ಬೀಸಲು ಶುರು ಮಾಡುತ್ತದೆ, ಮುಂದಿನ ಗಾಡಿಯನ್ನೂ ಎಳೆದಾಡುತ್ತದೆ. ನೀರಿನ ಕ್ಯಾನುಗಳನ್ನು ನಾನು ಆಕ್ಸಲಿಗಿಂತ ಮುಂದೆ ಇಡುವುದು ಅದಕ್ಕೇ. ಇದಕ್ಕೆ ಬ್ರೇಕ್ ಇಲ್ಲ, ಹಾಗಾಗಿ ತಮ್ಮನಿಗೆ ಒಂದೇ ಕಟ್ಟಪ್ಪಣೆ: ಬೊಲೆರೊ ಹಿಂದೆ ಇದು ಇರುವಾಗ ಲಾರಿಗಳನ್ನು ಓವರ್‌ಟೇಕ್ ಮಾಡುವ ಮಾತೇ ಬೇಡ.

ತುಕ್ಕು ತೆಗೆದದ್ದು ತಂತಿ ಬ್ರಷ್ ಹಾಕಿದ ಗ್ರೈಂಡರಿನಿಂದ. ಆಮೇಲೆ ಫಾಸ್ಫಾರಿಕ್ ಆಮ್ಲ ಇರುವ ದ್ರಾವಣ, ಆಮೇಲೆ ಪ್ರೈಮರ್, ಮೇಲೆ ಹಸಿರು ಎನಾಮಲ್. ತಳದ ಒಂದು ಮೂಲೆಗೆ ಮಾತ್ರ ಹೊಸ ತಗಡಿನ ತುಂಡು ಬಿತ್ತು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಮೊದಲು ಹಾಸಿಗೆ. ತೊಟ್ಟಿಯ ಮೇಲೆ 12 ಮಿಲಿಮೀಟರ್ ಪ್ಲೈವುಡ್ಡಿನ ಎರಡು ಹಲಗೆ, ಪುಸ್ತಕದ ಹಾಗೆ ಕೀಲಿಟ್ಟು ಜೋಡಿಸಿದೆವು. ದಾರಿಯಲ್ಲಿ ಒಂದರ ಮೇಲೊಂದು ಮಡಚಿ ಮುಚ್ಚಳವಾಗುತ್ತವೆ. ನಿಂತಲ್ಲಿ ಮೇಲಿನದನ್ನು ಪಕ್ಕಕ್ಕೆ ಬಿಚ್ಚಿ ಕಾಲು ಕೊಟ್ಟರೆ ಆರು ಅಡಿಗೆ ಆರು ಅಡಿಯ ಮಂಚ. ನಾನು, ನಮ್ಮ ಮನೆಯವರು, ಮಗಳು ಮೂವರೂ ಆರಾಮಾಗಿ ಮಲಗುತ್ತೇವೆ. ಪ್ಲೈವುಡ್ ತರುವಾಗ ಐಎಸ್ 710 ಎಂಬ ಮುದ್ರೆ ಇರುವುದನ್ನೇ ಕೇಳಿ. ಅದು ನೀರಿಗೆ ತಡೆಯುವ ಮರೀನ್ ದರ್ಜೆ. ಅಗ್ಗದ್ದು ತಂದರೆ ಒಂದು ಮಳೆಗಾಲಕ್ಕೆ ಪದರ ಪದರ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ಅಂಚಿಗೆ ಬಣ್ಣ ಕುಡಿಸುವುದನ್ನು ಬಿಡಬಾರದು, ನೀರು ಒಳಗೆ ಹೋಗುವುದು ಅಂಚಿನಿಂದಲೇ.

ಮಂಚದ ಮೇಲೆ ಕಮಾನು. ಇಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಜಾತ್ರೆಗೆ ಹೋಗುವ ಕಮಾನು ಬಂಡಿ. ಶರಣಬಸವೇಶ್ವರ ಜಾತ್ರೆಗೆ ಹಳ್ಳಿಯಿಂದ ಬಂಡಿ ಹೂಡಿಕೊಂಡು ಬಂದವರು ಬಂಡಿಯ ಕೆಳಗೆ, ಬಂಡಿಯ ಒಳಗೆ, ಬಂಡಿಗೆ ಕಟ್ಟಿದ ನೆರಳಲ್ಲಿ ಸಂಸಾರ ನಡೆಸುತ್ತಿದ್ದರು. ಕ್ಯಾಂಪಿಂಗ್ ನಮ್ಮವರಿಗೆ ಹೊಸದಲ್ಲ. ಬಂಡಿಯ ಕಮಾನು ಮುಂದೆ ಹಿಂದೆ ತೆರೆದಿರುತ್ತದೆ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಅದನ್ನೇ ನಾನು ಮಾಡಿದ್ದು. ಮುಕ್ಕಾಲು ಇಂಚಿನ ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ, ನಾಲ್ಕು ಕಮಾನು, ಒಂದೇ ಕೀಲಿನ ಮೇಲೆ ಮಡಚಿ ಬೀಳುವಂತೆ. ಬೆಸುಗೆ ಹಾಕುವ ಮೊದಲು ಚಾಚಾ ಪೈಪಿನ ತುದಿಯ ಸತುವಿನ ಲೇಪವನ್ನೆಲ್ಲ ಉಜ್ಜಿ ತೆಗೆದರು. ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಹೊಸ ಹುಡುಗರು ಇದನ್ನು ಕೇಳುವುದಿಲ್ಲ ಅಂತ ಅವರ ಕೊರಗು.

ಬಟ್ಟೆ ಯಾವುದು ಅನ್ನುವುದರಲ್ಲಿ ಮನೆಯಲ್ಲೇ ವಾದವಾಯಿತು. ತಮ್ಮ ಪ್ಲಾಸ್ಟಿಕ್ ತಾಡಪತ್ರಿ ಹಾಕು ಅಂದ. ಹಗುರ, ಅಗ್ಗ, ಒಂದು ಹನಿ ನೀರೂ ಇಳಿಯುವುದಿಲ್ಲ. ಎಲ್ಲ ನಿಜ. ಆದರೆ ಅದು ಉಸಿರಾಡುವುದಿಲ್ಲ. ಮೂವರು ಮಲಗಿದ ಗೂಡಿನಲ್ಲಿ ರಾತ್ರಿಯೆಲ್ಲ ನಾವು ಬಿಟ್ಟ ಉಸಿರಿನ ತೇವ ಬೆಳಗಿನ ತಂಪಿಗೆ ಒಳಮೈಯಲ್ಲಿ ಹನಿಗಟ್ಟಿ ಮುಖದ ಮೇಲೆ ಬೀಳುತ್ತದೆ. ಮಧ್ಯಾಹ್ನ ಅದರೊಳಗೆ ಕೂರುವುದಂತೂ ಆಗದ ಮಾತು. ಹತ್ತಿಯ ಕ್ಯಾನ್ವಾಸು ಹಾಗಲ್ಲ. ಒಣಗಿದ್ದಾಗ ಎಳೆಗಳ ನಡುವಿನ ಸಂದಿಯಿಂದ ತೇವ, ಬಿಸಿ ಗಾಳಿ ಹೊರಗೆ ಹೋಗುತ್ತದೆ. ಮಳೆ ಬಿದ್ದರೆ ಎಳೆ ಉಬ್ಬಿ ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಇಷ್ಟು ಬುದ್ಧಿ ಇರುವ ಬಟ್ಟೆ ಬೇರೊಂದು ನನಗೆ ಗೊತ್ತಿಲ್ಲ. ನಾನು ತಂದದ್ದು ಚದರ ಗಜಕ್ಕೆ 12 ಔನ್ಸಿನದು, ಅಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ. ಬಣ್ಣ ಹಾಕದ ಹಾಲು ಬಿಳುಪು. ಲಾರಿಯವರು ಕೇಳುವುದು ಇದಕ್ಕಿಂತ ದಪ್ಪದ್ದು, ಆದರೆ ಅದನ್ನು ಮಡಚಿ ಎತ್ತುವ ಹೊತ್ತಿಗೆ ತೋಳು ಸೋಲುತ್ತದೆ.

ಹೊಲಿಗೆಯಲ್ಲಿ ಅವಸರ ಮಾಡಬಾರದು. ಡೇರೆ ಸೋರುವುದು ಬಟ್ಟೆಯಿಂದಲ್ಲ, ಸೂಜಿ ತೂತಿನಿಂದ. ಹಾಗಾಗಿ ದಾರ ಪಾಲಿಯೆಸ್ಟರ್ ತಿರುಳಿಗೆ ಹತ್ತಿ ಸುತ್ತಿದ ಜಾತಿಯದು. ಒಳಗಿನ ಎಳೆ ಬಲ ಕೊಡುತ್ತದೆ, ಹೊರಗಿನ ಹತ್ತಿ ನೆನೆದು ಉಬ್ಬಿ ತೂತನ್ನು ತುಂಬುತ್ತದೆ. ಸೂಜಿ 21 ನಂಬರಿನದು. ಇಂಚಿಗೆ ಆರೇಳು ಹೊಲಿಗೆ ಸಾಕು. ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಅಂತ ಹೊಸಬರು ತಿಳಿಯುತ್ತಾರೆ, ಆದರೆ ಸಾಲಾಗಿ ತೂತು ಬಿದ್ದ ಬಟ್ಟೆ ಗಾಳಿ ಎಳೆದಾಗ ಅದೇ ಗೆರೆಯಲ್ಲಿ ಹರಿಯುತ್ತದೆ. ಎರಡು ತುಂಡುಗಳ ಅಂಚನ್ನು ಒಂದರೊಳಗೊಂದು ಮಡಚಿ, ಎರಡು ಸಾಲು ಹೊಲಿಗೆ. ಮಡಿಕೆಯ ಬಾಯಿ ಯಾವಾಗಲೂ ಕೆಳಮುಖ, ಇಳಿಯುವ ನೀರು ಅದರೊಳಗೆ ನಿಲ್ಲದ ಹಾಗೆ. ಇದನ್ನು ಅಪ್ಪ ನನಗೆ ಕಲಿಸಿದ್ದು ಲಾರಿ ತಾಡಪತ್ರಿಯ ಮೇಲೆ. ಒಂದು ಮಡಿಕೆ ಉಲ್ಟಾ ಬಿದ್ದಿದ್ದಕ್ಕೆ ತೊಗರಿ ಚೀಲ ನೆನೆದು ಮೊಳೆತರೆ ರೈತನ ವರ್ಷವೇ ಹೋಯಿತು ಅನ್ನುತ್ತಿದ್ದರು. ಕಮಾನು ತಾಗುವ ಕಡೆಯೆಲ್ಲ ಒಳಗೆ ಇನ್ನೊಂದು ಪದರ ಪಟ್ಟಿ. ಹಗ್ಗ ಹಾಯಲು ಹಿತ್ತಾಳೆಯ ಕಣ್ಣು ಕೂರಿಸುವ ಪ್ರತಿ ಮೂಲೆಗೆ ಮೂರು ಪದರ. ಕೆಳಗಿನ ಅಂಚು ತೊಟ್ಟಿಯ ಹೊರಮೈ ದಾಟಿ ಒಂದು ಗೇಣು ಇಳಿಯಬೇಕು, ಇಲ್ಲದಿದ್ದರೆ ನೀರು ಹಾಸಿಗೆಗೆ ಬರುತ್ತದೆ.

ಹೊಲಿದಾದ ಮೇಲೆ ಕಟ್ಟಿ ನಿಲ್ಲಿಸಿ, ಪೈಪಿನಿಂದ ಪೂರ್ತಿ ನೆನೆಸಿ, ಒಣಗಿಸಿ, ಮತ್ತೆ ನೆನೆಸಬೇಕು. ಹೊಸ ಕ್ಯಾನ್ವಾಸು ಮೊದಲ ನೀರಿಗೆ ಸೋರುತ್ತದೆ. ಎಳೆ ಉಬ್ಬಿ ಕೂರುವುದಕ್ಕೆ ಅದಕ್ಕೂ ಸಮಯ ಬೇಕು. ಮೇಣ ಬಳಿಯಿರಿ ಅಂತ ಕೆಲವರು ಹೇಳುತ್ತಾರೆ. ನಾನು ಬಳಿಯುವುದಿಲ್ಲ. ಮೇಣದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ, ಉಸಿರಾಟವೂ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಒಳಗಿಂದ ಬೆರಳಲ್ಲಿ ಮುಟ್ಟಬಾರದು ಅನ್ನುವುದೊಂದೇ ನಿಯಮ. ಮುಟ್ಟಿದ ಕಡೆ ನೀರು ಜಿನುಗಲು ಶುರುವಾಗುತ್ತದೆ. ಮನೆಗೆ ಬಂದ ಮೇಲೆ ಒಣಗಿಸದೆ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ.

ಇಷ್ಟಾದರೂ ಕಲಬುರಗಿಯ ಬಿಸಿಲಿಗೆ ಒಂದು ಪದರ ಸಾಲದು. ಅದಕ್ಕೆ ಕಮಾನಿನ ಮೇಲೆ ನಾಲ್ಕು ಇಂಚು ಅಂತರ ಬಿಟ್ಟು ಎರಡನೆಯ ಚಾವಣಿ ಕಟ್ಟಿದೆ, ಅದೂ ಬಿಳಿಯದೇ. ಬಿಸಿಲು ಹೊಡೆಯುವುದು ಮೇಲಿನದಕ್ಕೆ. ಅದು ಕಾದರೂ ನಡುವೆ ಹಾಯುವ ಗಾಳಿ ಆ ಕಾವನ್ನು ಹೊತ್ತುಕೊಂಡು ಹೋಗುತ್ತದೆ, ಕೆಳಗಿನದು ನೆರಳಲ್ಲೇ ಉಳಿಯುತ್ತದೆ. ಬಿಸಿ ದೇಶಗಳಿಗೆ ಕಳಿಸುತ್ತಿದ್ದ ಹಳೆಯ ಲ್ಯಾಂಡ್ ರೋವರ್ ಗಾಡಿಗಳಿಗೂ ಹೀಗೆಯೇ ಎರಡು ಪದರದ ಚಾವಣಿ ಇರುತ್ತಿತ್ತು. ಈ ಮೇಲಿನ ಬಟ್ಟೆ ಒಂದು ಪಕ್ಕಕ್ಕೆ ಎಂಟು ಅಡಿ ಮುಂದಕ್ಕೆ ಚಾಚಿ ಅಂಗಳವಾಗುತ್ತದೆ. ನನ್ನ ಕೇಳಿದರೆ ಇಡೀ ಟ್ರೇಲರಿನಲ್ಲಿ ಹೆಚ್ಚು ಬೆಲೆಯುಳ್ಳದ್ದು ಆ ನೆರಳೇ. ಒಲೆ, ಮಾತು, ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಅಲ್ಲೇ. ಗೂಡಿನ ಒಳಗೆ ಬೆಂಕಿ ಹಚ್ಚುವುದಿಲ್ಲ.

ಮೊದಲು ಕಟ್ಟಿದ್ದು ಎಳ್ಳಮಾವಾಸ್ಯೆಗೆ, ಕಾಕಾನ ಹೊಲದಲ್ಲೇ. ಅವತ್ತು ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಉಂಡು, ಸಂಜೆಗೆ ಮಂದಿ ತಿರುಗಿ ಹೋದರು. ನಾವು ಉಳಿದೆವು. ಎರೆ ಭೂಮಿಯಲ್ಲಿ ಡೇರೆ ಹಾಕುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಒಣಗಿದ್ದಾಗ ನೆಲ ಬಿರುಕು ಬಿಟ್ಟು ಗೂಟ ಸಡಿಲ, ನೆನೆದರೆ ಬೆಣ್ಣೆ. ಅದಕ್ಕೆ ಹಗ್ಗಗಳನ್ನೆಲ್ಲ ಟ್ರೇಲರಿನ ಚಾಸಿಗೇ ಕಟ್ಟುವ ಹಾಗೆ ಮಾಡಿದ್ದೇನೆ. ಅಂಗಳದ ಎರಡು ಕಂಬಕ್ಕೆ ಮಾತ್ರ ಒಂದೂವರೆ ಅಡಿಯ ಕಬ್ಬಿಣದ ಸಳಿ ಗೂಟ. ಮಂಚದ ಕಾಲುಗಳ ಕೆಳಗೆ, ಮೂಗಿನ ಸ್ಟ್ಯಾಂಡಿನ ಕೆಳಗೆ ಶಹಾಬಾದ್ ಫರಸಿ ಕಲ್ಲಿನ ತುಂಡುಗಳು. ಅಂಗಡಿಯ ಹಿಂದೆ ಬಿದ್ದಿದ್ದವು, ಈಗ ಟ್ರೇಲರಿನ ಖಾಯಂ ಸಾಮಾನು. ಕಾಲು ನೆಲದಲ್ಲಿ ಹೂತುಹೋಗದ ಹಾಗೆ ಇದಕ್ಕಿಂತ ಒಳ್ಳೆಯ ಆಸರೆ ಬೇಡ.

ಕಾಕಾ ಮೊದಲು ನಂಬಲಿಲ್ಲ. "ಕಟಗಿ ತುಂಬು ಗಾಡ್ಯಾಗ ಮಕ್ಕೊತೀರೇನವ್ವಾ?" ಅಂತ ಸುತ್ತಲೂ ಎರಡು ಸಲ ತಿರುಗಿದರು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿ ಕೂತರು. ಎರಡೂ ಕಡೆಯ ಪರದೆ ಎತ್ತಿ ಕಟ್ಟಿದ್ದೆ, ಗಾಳಿ ಸುಳಿಯುತ್ತಿತ್ತು.

"ಭಾಳ ಛಲೋ ಮಾಡೀದಿ. ನಿಮ್ಮಪ್ಪ ಇರಬೇಕಿತ್ತು ನೋಡಾಕ."

ಅಪ್ಪ ಇದ್ದಿದ್ದರೆ ಮೊದಲು ಹೊಲಿಗೆಯ ಒಳಮೈ ತಿರುಗಿಸಿ ನೋಡುತ್ತಿದ್ದರು.

ಆ ಮೇಲೆ ಬೇರೆ ಕಡೆಗೂ ಹೋಗಿದ್ದೇವೆ. ಮಳಖೇಡದ ಹತ್ತಿರ ಕಾಗಿಣಾ ದಂಡೆಯ ಮೇಲಿರುವ ನೆಂಟರ ಹೊಲ, ಹಳೆಯ ಕೋಟೆ ನೋಡಲು ನಡೆದೇ ಹೋಗಬಹುದು. ಸುರಪುರದ ಕಡೆ ಬೋನಾಳ ಕೆರೆ, ಚಳಿಗಾಲದಲ್ಲಿ ವಲಸೆ ಬಂದ ಬಾತುಗಳಿಂದ ತುಂಬಿರುತ್ತದೆ. ಅಲ್ಲಿ ಕೆರೆ ಅಂಚಿಗೆ ಗಾಡಿ ಒಯ್ಯದೆ, ಹಳ್ಳಿಯಲ್ಲಿ ಕೇಳಿ ಜಾಗ ಹಿಡಿದು, ನಸುಕಿನಲ್ಲಿ ನಡೆದು ಹೋಗಿ ನೋಡಿದೆವು. ಹಕ್ಕಿಗಳ ಮೇಲೆ ಅಷ್ಟು ಕಾಳಜಿ ಎಲ್ಲರಿಗೂ ಇರಬೇಕು. ಚಿಂಚೋಳಿ ಕಾಡು, ಚಂದ್ರಂಪಳ್ಳಿ ಜಲಾಶಯ ಮಗಳ ಪಟ್ಟಿಯಲ್ಲಿ ಮೊದಲಿವೆ. ಅದು 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಡೇರೆ ಹಾಕುವಂತಿಲ್ಲ, ಹಾಕಲೂಬಾರದು. ಬೀದರ್ ಕಡೆ ಕಾರಂಜಾ ಹಿನ್ನೀರಿನ ಹತ್ತಿರ ಪರಿಚಯದವರ ಹೊಲ ಇದೆ, ಕಲಬುರಗಿಗಿಂತ ಎತ್ತರದ ನೆಲ, ರಾತ್ರಿ ತಂಪು ಹೆಚ್ಚು. ಅದು ಮುಂದಿನ ದೀಪಾವಳಿ ಆದ ಮೇಲೆ.

ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ. ಎರಡು ಚಾವಣಿ ಅಲ್ಲ, ನಾಲ್ಕಿದ್ದರೂ ಆ ಬಿಸಿಲಿನಲ್ಲಿ ಮಕ್ಕಳನ್ನು ಬಯಲಿಗೆ ಕರೆದೊಯ್ಯುವುದು ಸರಿಯಲ್ಲ. ಆಗ ಬಟ್ಟೆ ಬಿಚ್ಚಿ, ಬೇವಿನ ಎಲೆ ಹಾಕಿ ಟ್ರಂಕಿಗೆ ಸೇರಿಸುತ್ತೇನೆ. ತೊಟ್ಟಿಯ ಬಿರಡೆ ತೆಗೆದು, ಗಾಲಿಯ ಭಾರ ಇಳಿಸಲು ಆಕ್ಸಲ್ ಕೆಳಗೆ ಇಟ್ಟಿಗೆ ಕೊಟ್ಟು ಅಂಗಡಿಯ ಹಿಂದೆ ನಿಲ್ಲಿಸುತ್ತೇನೆ.

ಇನ್ನೂ ಸೊಳ್ಳೆ ಪರದೆಯ ಬಾಗಿಲು ಬಾಕಿ ಇದೆ. ಜಿಪ್ ಹಾಕಬೇಕೋ, ಒಂದರ ಮೇಲೊಂದು ಬೀಳುವ ಎರಡು ಪರದೆ ಸಾಕೋ ಅಂತ ಇನ್ನೂ ಯೋಚನೆ. ಧೂಳು ಹೊಕ್ಕ ಜಿಪ್ ಬೇಗ ಕೈಕೊಡುತ್ತದೆ, ನಮ್ಮಲ್ಲಿ ಧೂಳಿಗೆ ಬರವಿಲ್ಲ, ಹಾಗಾಗಿ ಪರದೆಯ ಕಡೆಗೇ ಮನಸ್ಸು ವಾಲಿದೆ. ಅದಕ್ಕೂ ಮೊದಲು ಕಾಕಾನ ಕೆಲಸ ಒಂದಿದೆ. ಹೊಲದ ಜೋಪಡಿಯ ಮುಂದೆ ಅವರ ಹೊರಸಿಗೂ ಅಂಥದೇ ಎರಡು ಪದರದ ಬಿಳಿ ನೆರಳು ಬೇಕಂತೆ. ಏಳು ಅಡಿಗೆ ಐದು ಅಡಿ. ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ, ಕಂಬಕ್ಕೆ ಪೈಪು ನೋಡಲು ಚಾಚಾ ಸೋಮವಾರ ಬರುತ್ತಾರೆ.